ಜ್ವರದ ಅರ್ಜಿಗೆ ಕೆಲಸ ಸಿಗುವುದಿಲ್ಲ

ಗಂಗರತ್ನಮ್ಮನಿಗೆ ಕೆಲಸಕ್ಕೆ ಬರುವ ಇಂಗ್ಲಿಷ್ ಇರಲಿಲ್ಲ. ಪರೀಕ್ಷೆಗೆ ಬರುವ ಇಂಗ್ಲಿಷ್ ಇತ್ತು. ನೂರಕ್ಕೆ ಅರವತ್ತೆರಡು ತೆಗೆದು ಬಿ.ಕಾಂ. ಮುಗಿಸಿದ್ದಳು. ಆದರೂ ೧೯೮೬ರಲ್ಲಿ ಕೆ.ಜಿ.ಎಫ್.ನ ಒಂದು ಕಾರ್ಖಾನೆಯ ಸ್ಟೋರ್ಸ್ ಕೆಲಸಕ್ಕೆ ಪರೀಕ್ಷೆ ಬರೆದು ಫೇಲಾಗಿ ಬಂದಳು. ಯಾಕೆ ಫೇಲಾದೆ ಅನ್ನುವುದು ಅವಳಿಗೂ ತಿಳಿಯಲಿಲ್ಲ, ಅವಳಪ್ಪ ಬಚ್ಚಪ್ಪನಿಗೂ ತಿಳಿಯಲಿಲ್ಲ.

ಬಚ್ಚಪ್ಪನದು ಬೇತಮಂಗಲದ ಪಕ್ಕದ ಹಳ್ಳಿ. ಮೊದಲ ಬಸ್ಸಿಗೆ ಹಾಲಿನ ಕ್ಯಾನು ಹೇರಿ, ಅದೇ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದ. ಮರುವರ್ಷ, ಕಿರಿಮಗಳು ಅಂಜನಮ್ಮ, ಅಕ್ಕ ಗಂಗರತ್ನಮ್ಮ ಓದಿದ ಬಂಗಾರಪೇಟೆಯ ಕಾಲೇಜಿಗೇ ಪಿಯುಸಿಗೆ ಸೇರಿದಳು. ಅಲ್ಲಿಗೆ ಹೊಸದಾಗಿ ಬಂದಿದ್ದ ಇಂಗ್ಲಿಷ್ ಮೇಷ್ಟ್ರು ಬೇರೆ ಮಕ್ಕಳಂತೆ ಅವಳ ಕೈಲೂ ಮನೆಗೆ ಒಂದು ಹಾಳೆ ಕಳಿಸಿದರು. ಅದರಲ್ಲಿ ಎರಡೇ ಪ್ರಶ್ನೆ. ನಿಮ್ಮ ಮಗಳು ಮುಂದೆ ಯಾವ ಕೆಲಸಕ್ಕೆ ಹೋಗಬೇಕೆಂದಿದ್ದಾಳೆ? ಆ ಕೆಲಸದಲ್ಲಿ ಏನು ಓದಬೇಕು, ಏನು ಬರೆಯಬೇಕು, ಯಾರೊಡನೆ ಮಾತಾಡಬೇಕು? ಇಪ್ಪತ್ತು ಮನೆಯವರು ತುಂಬಿ ಸಹಿ ಮಾಡಿಕೊಟ್ಟರೆ ವಾರಕ್ಕೆರಡು ಗಂಟೆ ಕೆಲಸದ ಇಂಗ್ಲಿಷಿನ ಹೊಸ ತರಗತಿ. ಇಲ್ಲದಿದ್ದರೆ ಇಲ್ಲ. ಶನಿವಾರ ಕೊನೆ.

ಹಾಳೆ ಮೂರು ದಿನ ಬಚ್ಚಪ್ಪನ ಜೇಬಿನಲ್ಲೇ ಉಳಿಯಿತು. ಬೆವರು ಕುಡಿದು ಅಂಚು ಮೆತ್ತಗಾಯಿತು. ಶುಕ್ರವಾರ ಬೆಳಿಗ್ಗೆ ಸ್ಟೋರ್ಸಿನಲ್ಲಿ ಕೆಲಸ ಮಾಡುವ ವಿಶ್ವನಾಥ್ ಮನೆ ಮುಂದೆ ಹಾಲು ಅಳೆಯುವಾಗ ಬಚ್ಚಪ್ಪನ ಗಮನ ಹಾಳೆಯ ಕಡೆ ಹೋಗಿ ಪಾವು ಹಾಲು ಮೆಟ್ಟಿಲ ಮೇಲೆ ಚೆಲ್ಲಿತು.

"ಏನ್ರೀ ಬಚ್ಚಪ್ಪ, ಇವತ್ತು ಮೆಟ್ಟಿಲಿಗೂ ಹಾಲು ಹಾಕ್ತಿದ್ದೀರಿ?"

"ನಗ್ಬೇಡಿ ಸಾ. ಈ ಹಾಳೆ ಏನೂಂತ ನೋಡಿ. ಯಾವ್ ಕೆಲ್ಸ ಅಂತ ಬರೀಬೇಕಂತೆ. ನರ್ಸು ಅಂತ ಬರೆದ್ರೆ ನರ್ಸೇ ಆಗ್ಬೇಕು. ಎಮ್ಮೆ ಅಂತ ಬರೆದ್ರೆ ನನ್ನಂಗೇ ಸಗಣಿ ಬಾಚ್ತಾ ಇರ್ಬೇಕು. ಇಷ್ಟ್ ಬೇಗ ಮಗೀನ ಅಣೆಬರ ಬರಿಯೋಕೆ ಆ ಮೇಷ್ಟ್ರು ಯಾರು?"

"ಹಣೆಬರಹ ಅಲ್ಲರೀ, ಪಾಠ. ನಾಳೆ ಮನಸ್ಸು ಬದಲಾದರೆ ಕೆಲಸ ಬದಲಾಯಿಸಬಹುದು. ಕಾಗದ ಬರೆಯೋದು, ಫೋನಲ್ಲಿ ಮಾತಾಡೋದು ಕಲಿತದ್ದು ಎಲ್ಲಿ ಹೋಗುತ್ತೆ?"

"ಪರೀಕ್ಷೆ ಪಾಠ ಬಿಟ್ಬಿಟ್ರೆ?"

"ಬಿಡಲ್ಲ. ಅದು ಅದರ ಪಾಡಿಗೆ ಇರುತ್ತೆ. ಹೋದ ತಿಂಗಳು ನಿಮ್ಮ ಮೇಷ್ಟ್ರು ನಮ್ಮ ಸ್ಟೋರ್ಸಿಗೆ ಬಂದಿದ್ದರು. ಇಲ್ಲಿ ದಿನಾ ಯಾವ ಕಾಗದ ಬರೀತೀರಿ, ಫೋನಲ್ಲಿ ಏನು ಕೇಳ್ತೀರಿ ಅಂತ ಬರಕೊಂಡು ಹೋದರು. ಆಸ್ಪತ್ರೆಗೂ ಹೋಗಿದ್ದರಂತೆ, ರೈಲ್ವೆ ಸ್ಟೇಷನ್ನಿಗೂ ಹೋಗಿದ್ದರಂತೆ."

ಬಚ್ಚಪ್ಪ ಒಪ್ಪಲಿಲ್ಲ. "ದೊಡ್ಡೋಳು ಅದೇ ಕಾಲೇಜಲ್ಲೇ ಓದಿದ್ದು. ಏನಾಯ್ತು?"

ವಿಶ್ವನಾಥ್ ಹಾಲಿನ ಪಾತ್ರೆ ಕೆಳಗಿಟ್ಟು, "ನಮ್ಮ ಸ್ಟೋರ್ಸ್ ಪರೀಕ್ಷೆಯಲ್ಲಿ ಅವಳು ಬರೆದ ಉತ್ತರ ನಾನು ನೋಡಿದ್ದೆ" ಅಂದ.

"ನೀವು ನೋಡಿದ್ರಾ? ವರ್ಸದಿಂದ ಆಲು ಆಕ್ತಾ ಇವ್ನಿ, ಒಂದ್ ಮಾತು ಯೋಳಿಲ್ಲ!"

"ಹೇಳಿದರೆ ನಿಮಗೆ ಬೇಜಾರಾಗ್ತಿತ್ತು."

"ಈಗ ಆಗ್ತಿಲ್ವಾ?"

ವಿಶ್ವನಾಥ್ ಹೇಳಿದ. ಮದ್ರಾಸಿನಿಂದ ಪೆಟ್ಟಿಗೆ ಬಂದಿದೆ, ನಲವತ್ತು ಬೇರಿಂಗ್ ಇರಬೇಕಿತ್ತು, ಮೂವತ್ತನಾಲ್ಕೇ ಇವೆ, ಕಂಪನಿಗೆ ಕಾಗದ ಬರೆಯಿರಿ. ಇದು ಪ್ರಶ್ನೆ. ಗಂಗರತ್ನಮ್ಮ ಗೈಡಿನಿಂದ ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಕಾಗದ ಒಂದೇ, ಪ್ರಿನ್ಸಿಪಾಲರಿಗೆ ರಜೆ ಅರ್ಜಿ. ಅದನ್ನೇ ಬರೆದಿದ್ದಳು. ನನಗೆ ಜ್ವರ ಬಂದಿರುವುದರಿಂದ ಪೆಟ್ಟಿಗೆಯಲ್ಲಿ ಆರು ಬೇರಿಂಗ್ ಕಡಿಮೆ ಇವೆ, ದಯವಿಟ್ಟು ಮೂರು ದಿನ ರಜೆ ಕೊಡಿ, ಇಂತಿ ನಿಮ್ಮ ವಿಧೇಯ ವಿದ್ಯಾರ್ಥಿನಿ.

ಬಚ್ಚಪ್ಪನಿಗೆ ನಗು ಬರಲಿಲ್ಲ. ಎರಡು ವರ್ಷದ ಹಿಂದೆ ಡೇರಿಯಿಂದ ಬಂದ ಹಿಂಡಿ ಮೂಟೆಯಲ್ಲಿ ಐದು ಕೆ.ಜಿ. ಕಡಿಮೆ ಇದ್ದದ್ದು ನೆನಪಾಯಿತು. ತಾರೀಖು, ಮೂಟೆ ನಂಬರು, ತೂಕ ಎಲ್ಲ ಹಾಕಿ ಕನ್ನಡದಲ್ಲಿ ಕಾಗದ ಬರೆದು ಹೊಸ ಮೂಟೆ ತರಿಸಿದ್ದವಳು ಇದೇ ಗಂಗರತ್ನಮ್ಮ.

"ಅಂಗಾದ್ರೆ ನನ್ ಮಗ್ಳಿಗೆ ಕೆಲ್ಸ ಗೊತ್ತಿತ್ತು ಸಾ" ಅಂದ.

"ಗೊತ್ತಿತ್ತು. ಆ ಕೆಲಸವನ್ನು ಇಂಗ್ಲಿಷಲ್ಲಿ ಮಾಡೋದು ಯಾರೂ ಹೇಳಿಕೊಟ್ಟಿರಲಿಲ್ಲ."

ಅಂದು ಸಂಜೆ ಬಚ್ಚಪ್ಪ ಹಾಳೆಯನ್ನು ಜಗಲಿ ಮೇಲೆ ಹಾಸಿದ. ಯಾವ ಕೆಲಸ ಬರೆಸಬೇಕೆಂದು ಇನ್ನೂ ಹೊಳೆದಿರಲಿಲ್ಲ.

"ಕಲೆಕ್ಟ್ರು ಅಂತ ಬರೆಸ್ಲಾ?" ಅಂತ ಹೆಂಡತಿಯನ್ನು ಕೇಳಿದ.

"ಕಲೆಕ್ಟ್ರು ನಿನ್ನ ಎಮ್ಮೆ ಕರೀತಾರಾ?" ಅಂದಳು ಆದಿಲಕ್ಷ್ಮಮ್ಮ. "ಮೂರ್ ದಿನದಿಂದ ಹಾಳೆ ಒತ್ಕೊಂಡು ಊರೆಲ್ಲಾ ತಿರುಗ್ದೆ. ಓದೋಳ್ನ ಒಂದ್ ಸಲ ಕೇಳಿದ್ಯಾ?"

ಅವನು ಕೇಳಿರಲಿಲ್ಲ. ಈಗ ಕೇಳಿದ. ಅಂಜನಮ್ಮ ತಡಮಾಡದೆ, "ನರ್ಸು" ಅಂದಳು.

ಗಂಗರತ್ನಮ್ಮ ಪೆನ್ನು ತಂದು ಕೂತಳು. ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ್ದಾಗ ಹದಿನೈದು ದಿನ ಜೊತೆಗಿದ್ದು ಕಂಡದ್ದನ್ನೆಲ್ಲ ಬರೆದಳು. ಡಾಕ್ಟರ್ ಬರೆದ ಚೀಟಿ ಓದಬೇಕು. ಡ್ಯೂಟಿ ಬದಲಾಗುವಾಗ ಮುಂದಿನ ನರ್ಸಿಗೆ ರೋಗಿಯ ಸ್ಥಿತಿ ಬರೆದಿಡಬೇಕು. ಗಾಬರಿಯಲ್ಲೂ ಫೋನಿನಲ್ಲಿ ಸರಿಯಾಗಿ ಹೇಳಬೇಕು. ಬಚ್ಚಪ್ಪ ಕೆಳಗೆ ಸಹಿ ಮಾಡಿದ.

"ದೊಡ್ಡೋಳಿಗೂ ಆ ಪಾಠ ಸಿಗ್ತದಾ?" ಅಂತ ಆದಿಲಕ್ಷ್ಮಮ್ಮ ಕೇಳಿದಳು.

"ನನ್ ಕಾಲೇಜು ಮುಗೀತಲ್ಲಮ್ಮ" ಅಂದಳು ಗಂಗರತ್ನಮ್ಮ. ಹಾಳೆ ಮಡಚಿ ತಂಗಿಯ ಕೈಗೆ ಕೊಟ್ಟಳು. ಶನಿವಾರ ಕಾಲೇಜಿನಲ್ಲಿ ಎಣಿಸಿದಾಗ ಇಪ್ಪತ್ತೊಂದು ಹಾಳೆ ಬಂದಿದ್ದವು.

ತಂದೆತಾಯಿಗಳೇ, ನಿಮ್ಮ ಮಕ್ಕಳ ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ. ಇಂಗ್ಲಿಷ್ ತರಗತಿಯಲ್ಲಿ ಏನು ಬರೆಸುತ್ತಾರೆ, ಅದು ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳಿ. ಅದಕ್ಕೆ ಮೊದಲು ಏನಾಗಬೇಕೆಂದು ಮಕ್ಕಳನ್ನೇ ಕೇಳಿ. ಮೇಷ್ಟ್ರುಗಳೇ, ಪಾಠ ಬರೆಯುವ ಮುಂಚೆ ನಿಮ್ಮ ವಿದ್ಯಾರ್ಥಿಗಳು ನಾಳೆ ಕೆಲಸ ಮಾಡುವ ಜಾಗವನ್ನು ಒಂದು ದಿನ ನೋಡಿ ಬನ್ನಿ.

ಗಂಗರತ್ನಮ್ಮ ಪರೀಕ್ಷೆ ಬರೆದ ವರ್ಷ ಸ್ಟೋರ್ಸಿನಲ್ಲಿ ಖಾಲಿ ಇದ್ದ ಕೆಲಸ ನಾಲ್ಕು. ಆ ಕಾಲೇಜಿನಿಂದ ಪರೀಕ್ಷೆಗೆ ಹೋದವರು ಹನ್ನೊಂದು ಮಂದಿ. ಜ್ವರದ ಅರ್ಜಿ ಬರೆದವರು ಒಂಬತ್ತು. ಕೆಲಸ ಸಿಕ್ಕಿದವರು ಒಬ್ಬರೂ ಇಲ್ಲ.