ಮುಂದಿನ ಸೀಟು

ಹೆಂಡತಿಯ ಕಾಯಿಲೆಗೆ ಇನ್ನು ಮದ್ದಿಲ್ಲವೆಂದು ಡಾಕ್ಟರು ಕೈಚೆಲ್ಲಿದ ಮೇಲೂ, ಮೀನು ಹಿಡಿಯಲು ಇಬ್ಬರು ಕೂರುವ ಕಯಾಕ್ ದೋಣಿ ಕೊಳ್ಳಲೇಬೇಕೆಂದು ದರ್ಜಿ ಅವಳನ್ನು ಅಂಗಡಿಗೆ ಕರೆತಂದಿದ್ದ. ಅಗಲವಾದ ದೋಣಿಯೊಂದನ್ನು ಮೆಚ್ಚಿ, ಅವಳು ಕೂರಬೇಕಾದ ಮುಂದಿನ ಸೀಟನ್ನು ಗೇಣಿನಲ್ಲಿ ಅಳೆಯತೊಡಗಿದ.

“ದೋಣಿಗೂ ಅಂಗಿ ಹೊಲಿತೀರಾ ಹೇಗೆ?” ಎಂದು ಗಂಡನನ್ನು ನೋಡಿ ನಕ್ಕ ಅವಳು, ಅಂಗಡಿಯವನತ್ತ ತಿರುಗಿ ಕೇಳಿದಳು. “ಅಣ್ಣಾ, ಈ ಸೀಟು ಬಿಚ್ಚಿ, ಹಿಂದಿನದನ್ನ ನಡುವೆ ಹಾಕ್ಕೋಬಹುದಾ? ಒಬ್ಬರೇ ಕೂತ್ರೆ ದೋಣಿ ಮೂತಿ ಎತ್ತಬಾರದು ನೋಡಿ.”

“ಧಾರಾಳವಾಗಿ, ಅಕ್ಕಾ.”

“ಒಬ್ಬರೇ ಯಾಕೆ ಕೂರ್ತಾರೆ?” ದರ್ಜಿ ಅಳೆಯುವುದನ್ನು ನಿಲ್ಲಿಸಿ ಕೇಳಿದ.

“ಆಮೇಲೆ ಮನೇಲಿ ಗೋಡೆ ನೋಡ್ತಾ ಕೂರ್ತೀರಾ? ನೀವು ಮೀನಿಗೆ ಹೋಗ್ಬೇಕು ರೀ,” ಎಂದಳು.

ದರ್ಜಿ ಆಯ್ತೆಂದು ತಲೆಯಾಡಿಸಿದ. ಸೀಟು ಬಿಚ್ಚಿ ತೋರಿಸಲು ಅಂಗಡಿಯವನು ಬಗ್ಗಿದಾಗ ಮಾತ್ರ ಅವನ ಕೈ ಹಿಡಿದುಕೊಂಡ. “ಈಗ ಬೇಡಪ್ಪ. ಇವಳು ಒಂದ್ಸಲ ಕೂತ್ಕೊಳ್ಳಲಿ.”