ಅಮಾವಾಸ್ಯೆಯಾದ ಮೇಲೆ ನಿಲ್ಲುವ ಗಾಡಿ

ಇಳಕಲ್ಲಿನ ಹುನಗುಂದ ರಸ್ತೆಯಲ್ಲಿ ಮುರ್ತುಜಸಾಬನ ಗ್ಯಾರೇಜು ಎಲ್ಲಿದೆ ಎಂದು ಒಂದು ಕಾಲದಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಗ್ರಾನೈಟ್ ಲಾರಿಯಿರಲಿ, ಸೀರೆ ಗಂಟು ಹೊರುವ ಟೆಂಪೊ ಇರಲಿ, ಕೆಟ್ಟಿತೆಂದರೆ ನೇರ ಅಲ್ಲಿಗೇ ಬರುತ್ತಿತ್ತು. ಮುರ್ತುಜಸಾಬ ಇಂಜಿನ್ನಿನ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದನೆಂದರೆ ರೋಗ ಸಿಕ್ಕಿಬಿದ್ದಂತೆಯೇ.

ಆದರೆ ಇದು ಎರಡು ಸಾವಿರದ ಏಳನೇ ಇಸವಿಯ ಮಾತು. ಅಷ್ಟರಲ್ಲಿ ಹೊಸ ಗಾಡಿಗಳು ಬಂದಿದ್ದವು. ಬಾನೆಟ್ ಎತ್ತಿದರೆ ಇಂಜಿನ್ನು ಕಾಣಬೇಡವೇ? ಕರಿ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತಿತ್ತು! ಅದರ ಸುತ್ತ ಕಂಡಕಂಡಲ್ಲಿ ವೈರು, ಸೆನ್ಸರು, ಎಲ್ಲಕ್ಕೂ ಯಜಮಾನನಂತೆ ಮೂಲೆಯಲ್ಲಿ ಕೂತ ಒಂದು ಕಂಪ್ಯೂಟರ್ ಪೆಟ್ಟಿಗೆ. ಕೆಟ್ಟದ್ದನ್ನು ರಿಪೇರಿ ಮಾಡುವ ಮಾತೇ ಇಲ್ಲ, ಕಿತ್ತು ಒಗೆದು ಹೊಸದು ಹಾಕಬೇಕು. ಅದಕ್ಕೂ ಬಾಗಲಕೋಟೆಯ ಸರ್ವಿಸ್ ಸೆಂಟರಿಗೇ ಹೋಗಬೇಕು. ಅಲ್ಲಿಯ ಬಿಲ್ಲು ನೋಡಿ ಡ್ರೈವರುಗಳು ಬಾಯಿಗೆ ಬಂದಂತೆ ಬೈಯುತ್ತಿದ್ದರು, ಬೈಯುತ್ತಲೇ ಮತ್ತೆ ಅಲ್ಲಿಗೇ ಹೋಗುತ್ತಿದ್ದರು. ಮುರ್ತುಜಸಾಬನ ಗ್ಯಾರೇಜಿನ ಮುಂದೆ ನಾಯಿಗಳು ನೆಮ್ಮದಿಯಾಗಿ ಮಲಗತೊಡಗಿದವು.

ಅವನ ಹೆಂಡತಿ ಗುಲಾಬಬಿಯ ತಮ್ಮ ಜಲಾಲುದ್ದೀನನಿಗೆ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಿತ್ತು. ಏಪ್ರಿಲ್ ಒಂದರಿಂದ ಭಾವ ವಾಚಮನ್ ಕೆಲಸಕ್ಕೆ ಬರಲಿ ಎಂದು ಅವನು ಹೇಳಿ ಕಳಿಸಿದ್ದ. ಮೂವತ್ತೈದು ವರ್ಷ ನಟ್ಟು ಬಿಗಿಯುವ ಪಾನಾ ಹಿಡಿದ ಕೈಯಲ್ಲಿ ಈಗ ಕೋಲು ಹಿಡಿದು ಗೇಟು ಕಾಯುವುದು! ಕೊನೆಗೆ ಮುರ್ತುಜಸಾಬ ತಾನೇ ಹೆಂಡತಿಯೆದುರು ಮಾತು ಕೊಟ್ಟ: ಅಷ್ಟರೊಳಗೆ ಒಂದೇ ಒಂದು ಹೊಸ ಗಾಡಿ ತನ್ನ ಕೈಯಲ್ಲಿ ದುರಸ್ತಿಯಾದರೆ ಗ್ಯಾರೇಜು ಉಳಿಯುತ್ತದೆ, ಇಲ್ಲವಾದರೆ ಬೀಗ.

ಫೆಬ್ರವರಿ ಕೊನೆಯಲ್ಲಿ ಗುಡೂರಿನ ಹಣಮಪ್ಪ ಬಂದ. ಬಾದಾಮಿ, ಮಹಾಕೂಟಕ್ಕೆ ಜನರನ್ನು ಕರೆದೊಯ್ಯುವ ಕಸುಬು ಅವನದು. ಅಪ್ಪನ ಹಳೆ ಜೀಪು ಮಾರಿ ಹೊಸ ಗಾಡಿ ಕೊಂಡಿದ್ದ.

"ಕಾಕಾ, ಮೂರನೇ ಸಲ ನಿಂತೈತ್ರಿ. ಅದೂ ಮಹಾಕೂಟದ ಏರಿನಾಗ, ಗಾಡಿ ತುಂಬ ಹೆಣಮಕ್ಕಳು. ರಂಗವ್ವಾಯಿ ಅಂತೂ ಇಳದು ನೂಕಿ, ಬೈದು ಬೈದು ನಮ್ಮ ಮನಿತನಾನ ತೊಳದು ಬಿಟ್ಲು. ಬಾಗಲಕೋಟ್ಯಾಗ ಎರಡ ಸಲ ಸೆನ್ಸರ್ ಬದಲಿ ಮಾಡಿದ್ರು. ಈಗ ಕಂಪ್ಯೂಟರ್ ಪೆಟಗಿನ ಹೋಗೇತಿ ಅಂತಾರ. ಅರವತ್ತ ಸಾವಿರ ಅಂತ್ರಿ!"

"ಮತ್ತ ನನ್ನ ಕಡೆ ಯಾಕ ತಂದಿ?"

"ಮಾರಬೇಕಂತ ಮಾಡೇನಿ. ಅದಕ್ಕೂ ಮೊದಲ ನಿಮ್ಮ ಕೈ ಒಂದಸಲ ಹತ್ತಲಿ ಅಂತ ಬಂದೆ."

ಆ ಮಾತಿಗೆ ಮುರ್ತುಜಸಾಬ ಕರಗಿಹೋದ. ಆದರೆ ಗಾಡಿ ಕರಗಬೇಕಲ್ಲ! ಅಂಗೈ ಇಟ್ಟ, ಕಣ್ಣು ಮುಚ್ಚಿದ. ನಿಂತಲ್ಲಿ ಚಾಲೂ ಮಾಡಿದರೆ ಇಂಜಿನ್ನು ಬೆಕ್ಕಿನ ಮರಿಯಂತೆ ಗುರುಗುಟ್ಟಿತೇ ಹೊರತು ಒಂದು ಮಾತೂ ಹೇಳಲಿಲ್ಲ. ಡೀಸೆಲ್ ಪೈಪು ನೋಡಿದ, ಫಿಲ್ಟರ್ ನೋಡಿದ, ಎಲ್ಲ ಸರಿಯಿತ್ತು. ಉಳಿದದ್ದು ವೈರುಗಳನ್ನು ಸೇರಿಸುವ ಮೂವತ್ತು ಸಾಕೆಟ್ಟುಗಳು. ಅವನ್ನೆಲ್ಲ ಬಿಚ್ಚುವ ಧೈರ್ಯ ಅವನಿಗಿರಲಿಲ್ಲ. ಒಂದು ಮುರಿದರೂ ಇರುವ ಮರ್ಯಾದೆಯೂ ಹೋಗುತ್ತದೆ. ಎರಡನೆಯ ದಿನ ಮಧ್ಯಾಹ್ನ ಪಾನಾ ಕೆಳಗಿಟ್ಟು ಟೈರಿನ ಮೇಲೆ ಕುಸಿದು ಕೂತ. ಸೋತೆ ಅನಿಸಿತು, ಅಳುವೇ ಬಂತು.

ಹಣಮಪ್ಪ ಪಕ್ಕದಲ್ಲಿ ಕೂತು ಬಾಗಲಕೋಟೆಯ ಬಿಲ್ಲುಗಳನ್ನು ತೋರಿಸಿದ. ಇಂಗ್ಲಿಷ್ ತಾರೀಖುಗಳು ಒಂದಕ್ಕೊಂದು ಸಂಬಂಧವಿಲ್ಲದಂತಿದ್ದವು.

"ಆ ಕಾಗದಾ ಆಕಡೆ ಇಡು. ಯಾವಾಗ ಯಾವಾಗ ನಿಂತಿತ್ತು, ಬಾಯ್ಲೆ ಹೇಳು."

"ಮೊದಲನೇದು ಎಳ್ಳ ಅಮಾಸಿ ಆದ ಮರದಿನ. ಎರಡನೇದು ಅವರಾತ್ರಿ ಅಮಾಸಿ ಆಗಿ ಎರಡ ದಿನಕ್ಕ. ಈಗಿಂದು ಶಿವರಾತ್ರಿ ಅಮಾಸಿ ಆಗಿ ಮೂರ ದಿನಕ್ಕ."

ಮುರ್ತುಜಸಾಬ ಕತ್ತೆತ್ತಿದ. ಸರ್ವಿಸ್ ಸೆಂಟರಿನ ಕಂಪ್ಯೂಟರಿಗೆ ಅಮಾವಾಸ್ಯೆ ಗೊತ್ತಿರಲಿಲ್ಲ.

"ಅಮಾಸಿ ದಿನ ಗಾಡಿಗೆ ಏನ್ ಮಾಡ್ತಿ?"

"ಎಲ್ಲಾರೂ ಮಾಡಿದಂಗ ಪೂಜಾ ಮಾಡ್ತೇನ್ರಿ. ವಿಭೂತಿ, ಕುಂಕುಮ, ಊದಿನಕಡ್ಡಿ. ಕಾಯಿ ಒಡದು ನೀರ ಹಾಕ್ತೇನಿ."

"ಎಲ್ಲಿ ಹಾಕ್ತಿ? ಮಾಡಿ ತೋರಸು."

ಹಣಮಪ್ಪ ಎದ್ದು ಭಕ್ತಿಯಿಂದ ಬಾನೆಟ್ ಎತ್ತಿದ. ಇಲ್ಲದ ತೆಂಗಿನಕಾಯಿಯನ್ನು ಒಡೆದು, ಇಲ್ಲದ ನೀರನ್ನು ಇಂಜಿನ್ನಿನ ಬಲಗಡೆ ಮೂಲೆಗೆ ಸುರಿದ.

"ಮಂದಿ ಗಾಲಿಗೆ ಹಾಕ್ತಾರ್ರಿ. ನಮ್ಮಪ್ಪ ಜೀಪಿನ ಇಂಜಿನ್ನಿಗೇ ಹಾಕ್ತಿದ್ದ. ಜೀವ ಇರೂದು ಗಾಲ್ಯಾಗಲ್ಲ, ಇಂಜಿನ್ನಾಗ ಅಂತಿದ್ದ."

"ಲೇ ಹುಚ್ಚ!" ಮುರ್ತುಜಸಾಬ ಹಣೆ ಚಚ್ಚಿಕೊಂಡ. "ಆ ಜೀಪು ಕಬ್ಬಿಣದ್ದು, ಅದರ ಮೈಮ್ಯಾಲೆ ನೀರ ಬಿದ್ರ ಸುಂಯ್ ಅಂತ ಹಾರಿ ಹೋಗ್ತಿತ್ತು. ಇದರ ಮೈತುಂಬ ಕರೆಂಟ್ ಐತೋ!"

ಈಗ ಮೂವತ್ತು ಬಿಚ್ಚಬೇಕಿರಲಿಲ್ಲ. ಬಲಗಡೆ ಮೂಲೆಯಲ್ಲಿದ್ದ ಒಂದೇ ಸಾಕೆಟ್ಟನ್ನು ಹಗುರವಾಗಿ ಬಿಚ್ಚಿದ. ಒಳಗೆ ಅಂಟು ಅಂಟು, ಎರಡು ಪಿನ್ನುಗಳ ಮೇಲೆ ಹಸಿರು ಕಿಲುಬು. ಬಾಗಲಕೋಟೆಯವರು ಸೆನ್ಸರ್ ಬದಲಿಸುವಾಗ ಇದನ್ನು ಬಿಚ್ಚಿ ಹಾಕಿದ್ದರು. ಕಿಲುಬು ಅಷ್ಟಿಷ್ಟು ಉಜ್ಜಿಹೋಗಿ ಒಂದು ತಿಂಗಳು ಗಾಡಿ ಓಡಿತ್ತು. ಮತ್ತೆ ಅಮಾವಾಸ್ಯೆ, ಮತ್ತೆ ಕಾಯಿನೀರು! ಮುರ್ತುಜಸಾಬ ಹಲ್ಲುಜ್ಜುವ ಬ್ರಶ್ಶಿನಿಂದ ಪಿನ್ನು ತಿಕ್ಕಿ, ಸ್ಪಿರಿಟ್ಟಿನಿಂದ ಒರೆಸಿ, ಸೈಕಲ್ ಟ್ಯೂಬಿನ ರಬ್ಬರು ಸುತ್ತಿ ಬಿಗಿದ.

"ಇನ್ಮ್ಯಾಲೆ ಕಾಯಿ ಗಾಲಿಗೆ."

"ಇಂಜಿನ್ನಿಗೆ ಏನೂ ಇಲ್ಲೇನ್ರಿ?" ಹಣಮಪ್ಪನ ಮುಖ ಸಣ್ಣದಾಯಿತು.

"ಮುಚ್ಚಳದ ಮ್ಯಾಲೆ ಕುಂಕುಮ ಹಚ್ಚು. ನೀರ ಮಾತ್ರ ಬ್ಯಾಡ."

ಗಾಡಿ ಓಡಿತು. ಆದರೆ ಮುರ್ತುಜಸಾಬ ಗೆದ್ದೆ ಎನ್ನಲಿಲ್ಲ. ಬಾಗಲಕೋಟೆಯವರ ಕೈಯಲ್ಲೂ ತಿಂಗಳು ಓಡಿದ್ದೇ ಅಲ್ಲವೇ? ಯುಗಾದಿ ಅಮಾವಾಸ್ಯೆ ದಾಟಬೇಕಿತ್ತು. ಅಲ್ಲಿಯವರೆಗೆ ಚಹಾದಂಗಡಿಯಲ್ಲಿ ನಗುವವರು ನಕ್ಕರು. ಕಂಪ್ಯೂಟರಿಗೆ ಸಿಗದ ರೋಗ ಮಿಸ್ತ್ರಿಗೆ ತೆಂಗಿನಕಾಯಿಯಲ್ಲಿ ಸಿಕ್ಕಿತಂತೆ ಎಂದು ಆಡಿಕೊಂಡರು.

ಯುಗಾದಿ ಅಮಾವಾಸ್ಯೆಯಾದ ಮೂರನೆಯ ದಿನ ಹಣಮಪ್ಪ ಅದೇ ಹೆಣ್ಣುಮಕ್ಕಳನ್ನು ತುಂಬಿಕೊಂಡು ಮಹಾಕೂಟಕ್ಕೆ ಹೊರಟ. ಮುರ್ತುಜಸಾಬ ಮುಂದೆ ಕೂತ. ಏರು ಶುರುವಾಯಿತು. ಗಾಡಿ ಎರಡನೆಯ ಗೇರಿಗೆ ಬಿದ್ದಿತು. ಹೋದ ಸಲ ನಿಂತಿದ್ದ ತಿರುವು ಬಂತು. ಮುರ್ತುಜಸಾಬನ ಕಾಲು ತಾನಾಗಿ ನೆಲ ಒತ್ತಿತು. ಗಾಡಿ ಒಮ್ಮೆಯೂ ಮುಗ್ಗರಿಸದೆ, ಒಂದೇ ದಮ್ಮಿಗೆ ಏರಿನ ನೆತ್ತಿ ಹತ್ತಿಬಿಟ್ಟಿತು!

"ಯಾಕೋ ಹಣಮ್ಯಾ, ಇವತ್ತ ನೂಕೂದು ಇಲ್ಲೇನು?" ಹಿಂದಿನಿಂದ ರಂಗವ್ವ ಕೂಗಿದಳು. ಹೆಣ್ಣುಮಕ್ಕಳೆಲ್ಲ ಹೋ ಎಂದು ನಕ್ಕರು. ಹಣಮಪ್ಪ ಹಾರ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಐವತ್ತೆಂಟು ವರ್ಷದ ಮುರ್ತುಜಸಾಬ ಕಿಟಕಿಯಿಂದ ತಲೆ ಹೊರಹಾಕಿ ಗುಡ್ಡಕ್ಕೆಲ್ಲ ಕೇಳುವಂತೆ ಕೇಕೆ ಹಾಕಿದ. ಅಂಥ ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಗುಲಾಬಬಿಗೆ ಮಾತ್ರ ಹೇಳಲಿಲ್ಲ.

ರಂಗವ್ವನ ಬಾಯಿಗೆ ಬಿದ್ದ ಸುದ್ದಿ ಗುಡೂರಿನಿಂದ ಹುನಗುಂದದವರೆಗೆ ಹೋಗಲು ಎಷ್ಟು ಹೊತ್ತು? ವಾರದೊಳಗೆ ಗ್ಯಾರೇಜಿನ ಮುಂದೆ ಮಲಗಲು ನಾಯಿಗಳಿಗೆ ಜಾಗ ಉಳಿಯಲಿಲ್ಲ.

ಏಪ್ರಿಲ್ ಒಂದರ ಬೆಳಿಗ್ಗೆ ಜಲಾಲುದ್ದೀನನೇ ಬಂದ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ತನ್ನ ಹೊಸ ಕಾರನ್ನು ಎಳೆಸಿಕೊಂಡು ಬಂದ. ವಾಚಮನ್ ಕೆಲಸದ ಮಾತು ಅವನೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ.

"ದುಲ್ಹಾಭಾಯಿ, ಬಾಗಲಕೋಟೆಯವರು ಲಕ್ಷ ರೂಪಾಯಿ ಮಾತಾಡ್ತಾರ. ನೀವೊಮ್ಮೆ ನೋಡ್ರಿ."

ಮುರ್ತುಜಸಾಬ ಬಾನೆಟ್ಟಿನೊಳಗಿನಿಂದ ತಲೆ ಹೊರತೆಗೆದು, ಸಾಲಾಗಿ ನಿಂತ ಗಾಡಿಗಳನ್ನು ನಿಧಾನಕ್ಕೆ ಒಂದೊಂದಾಗಿ ನೋಡಿದ.

"ನೋಡ್ತೇನಿ ತಮ್ಮಾ. ಕೂಡು, ಚಹಾ ಕುಡಿ. ನಿನ್ನ ಪಾಳಿ ಐದನೇದು."