ಕಲ್ಯಾಣದುರ್ಗದಿಂದ ಬಂದ ಕಾರ್ಡು

ನನ್ನ ಬಾಯಿ ದೊಡ್ಡದು. ಹಿಂದೂಪುರದಲ್ಲಿ ನಮ್ಮ ಮಗ್ಗದ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಜಗಳಕ್ಕೆ ನಿಂತರೆ ರಂಗಲಕ್ಷ್ಮಮ್ಮನನ್ನು ಗೆಲ್ಲುವವರಿಲ್ಲ ಅಂತ. ಬೈದದ್ದಕ್ಕೆ ನಾನು ಯಾವತ್ತೂ ಪಶ್ಚಾತ್ತಾಪ ಪಟ್ಟವಳಲ್ಲ. ಆರು ವರ್ಷದ ಹಿಂದೆ ಆಡಿದ ಒಂದು ಒಳ್ಳೆಯ ಮಾತು ಮಾತ್ರ ಇವತ್ತಿಗೂ ಗಂಟಲಲ್ಲಿ ಮುಳ್ಳಾಗಿ ಕೂತಿದೆ.

ಅದು ಐವತ್ತೇಳನೇ ಇಸವಿ. ನನ್ನ ಮಗ ಓಬಳೇಶನ ಹೆಂಡತಿ ಚೌಡೇಶ್ವರಿಗೆ ಚೊಚ್ಚಲ ಬಸಿರು. ಏಳನೇ ತಿಂಗಳಲ್ಲಿ ಅವಳ ತಾಯಿ ನರಸಕ್ಕ ಕಲ್ಯಾಣದುರ್ಗದಿಂದ ಬಳೆ, ಸೀರೆ, ಮಡಿಲಕ್ಕಿ ಎಲ್ಲ ಹೊತ್ತುಕೊಂಡು, ಮಗಳನ್ನು ಹೆರಿಗೆಗೆ ಕರೆದೊಯ್ಯಲು ಬಂದಳು. ಅವರೂ ನಮ್ಮ ಹಾಗೆ ನೇಯುವ ಜನವೇ. ಆದರೆ ಮಗ್ಗ ಕೈಬಿಟ್ಟು ಗಂಡ ಹೆಂಡತಿ ಇಬ್ಬರೂ ಕಡಲೆಕಾಯಿ ಸುಲಿಯುವ ಕೂಲಿಗೆ ಹೋಗುತ್ತಿದ್ದರು.

ನನಗೆ ಕಳಿಸುವ ಮನಸ್ಸಿರಲಿಲ್ಲ. ಮಗ್ಗದ ಮೇಲೆ ಅರ್ಧ ನೇಯ್ದ ಹಾಸು ಹಾಗೇ ಇತ್ತು. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದರಲ್ಲಿ ಚೌಡೇಶ್ವರಿಯ ಕೈ ಬಲು ಚುರುಕು, ಅವಳು ಹೋದರೆ ಆ ಕೆಲಸ ನನ್ನ ತಲೆಗೆ ಬರುತ್ತಿತ್ತು.

“ಈ ಹಾಸೊಂದು ಮುಗೀಲಿ ನರಸಕ್ಕ, ಆಮ್ಯಾಕೆ ಕರ್ಕಂಡು ಹೋಗುವಂತೆ” ಎಂದೆ. ಹಾಸು ಮುಗಿಯುವಷ್ಟರಲ್ಲಿ ಎಂಟನೇ ತಿಂಗಳು ಬೀಳುತ್ತದೆ, ಎಂಟರಲ್ಲಿ ಬಸುರಿಯನ್ನು ಊರು ದಾಟಿಸುವುದಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ನರಸಕ್ಕ ಮಗಳ ಕಡೆ ತಿರುಗಿ, “ನೀನೇ ಹೇಳೇ ಚೌಡಿ, ಬತ್ತೀಯೋ ಇಲ್ವೋ?” ಎಂದಳು.

ಹುಡುಗಿಗೆ ಹದಿನೆಂಟು ವರ್ಷ. ಗಂಡನನ್ನು ಬಿಟ್ಟಿರುವ ಆಸೆ ಇಲ್ಲ, ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ನಾಚಿಕೆ. “ನಿಮ್ಮನೇಲಿ ಏನೈತೆ ಅಂತ ಬರ್ಲವ್ವಾ? ಕುಡಿಯಾಕೆ ನೀರೂ ಮೈಲಿಗಟ್ಲೆ ಹೊರಬೇಕು” ಎಂದುಬಿಟ್ಟಳು.

ನರಸಕ್ಕನ ಮುಖ ಸಣ್ಣಗಾಯಿತು. ಬಳೆ ತೊಡಿಸಿ, ಮಡಿಲು ತುಂಬಿ, ಊಟಕ್ಕೂ ನಿಲ್ಲದೆ ಹೊರಟಳು. ಹೊಸಲು ದಾಟುವಾಗ ಹಿಂದಕ್ಕೆ ನೋಡದೆ, “ನಾನು ಸತ್ತಾಗ್ಲಾದ್ರೂ ಬತ್ತೀಯೇನೇ?” ಎಂದಳು. ನಾನು ನೂಲು ಬಿಡಿಸುವ ನೆಪದಲ್ಲಿ ತಲೆ ತಗ್ಗಿಸಿದ್ದೆ. ನಿಜ ಹೇಳಬೇಕೆಂದರೆ, ಸೊಸೆ ತಾಯಿಯನ್ನು ಬಿಟ್ಟು ನನ್ನ ಮನೆ ಆರಿಸಿದಳಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ. ನಾಚಿಕೆಗೆಟ್ಟ ಹಿಗ್ಗು ಅದು.

ಒಂಬತ್ತು ತುಂಬುತ್ತಾ ಬಂದಾಗ, ಒಂದು ಮಂಗಳವಾರ ಬೆಳಿಗ್ಗೆ, ಚೌಡೇಶ್ವರಿ ಸುತ್ತುತ್ತಿದ್ದ ರಾಟೆ ನಿಲ್ಲಿಸಿದಳು. “ಅತ್ತೆ, ನೆನ್ನೆ ಮಧ್ಯಾಹ್ನದಿಂದ ಮಗು ಅಲ್ಲಾಡಿಲ್ಲ.”

“ನಿದ್ದೆ ಮಾಡ್ತಾ ಐತೆ ಬುಡು. ಅದ್ಕೂ ನಿನ್ನಂಗೇ ಸೋಮಾರಿತನ” ಎಂದು ಗದರಿದೆ. ಗದರಿದ್ದು ಬಾಯಿ ಮಾತ್ರ. ಸೂಲಗಿತ್ತಿ ಈರಕ್ಕನನ್ನು ಕರೆಸಿದೆ. ಅವಳು ಬೆಲ್ಲದ ನೀರು ಕುಡಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಳು. ಆಮೇಲೆ ನನ್ನನ್ನು ಹಿತ್ತಿಲಿಗೆ ಕರೆದು, “ನನ್ ಕೈಗೆ ಏನೂ ಗೊತ್ತಾಯ್ತಿಲ್ಲ ಕಣಮ್ಮ. ಆಸ್ಪತ್ರೆಗೆ ತೋರಿಸ್ಬುಡಿ” ಎಂದಳು.

ಜಟಕಾ ಕಟ್ಟಿಸಿಕೊಂಡು ಹೋದೆವು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಮರದ ಕೊಳವೆ ಇಟ್ಟು ಕಿವಿಗೊಟ್ಟು ಕೇಳಿದಳು. “ಜೀವ ಇದೆ. ಬಡಿತ ಸ್ವಲ್ಪ ನಿಧಾನ. ಈ ಹುಡುಗಿ ಸರಿಯಾಗಿ ಊಟ ಮಾಡಿಲ್ಲ, ಹೆದರಿ ಹೋಗಿದ್ದಾಳೆ. ತಿನ್ನಿಸಿ, ಎಡಮಗ್ಗುಲಿಗೆ ಮಲಗಿಸಿ, ದಿನಾ ಕರ್ಕೊಂಡು ಬನ್ನಿ. ಭಯಪಡೋ ಮಾತು ಯಾವುದೂ ಇವಳ ಕಿವಿಗೆ ಬೀಳಬಾರದು” ಎಂದಳು.

ಮನೆಗೆ ಬಂದರೆ ಹುಡುಗಿ ತುತ್ತು ಬಾಯಿಗಿಡಲೊಲ್ಲಳು. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. “ನಮ್ಮವ್ವನ ಕಣ್ಣೀರು ತಟ್ತು ಅತ್ತೆ. ಅವಳ ಸಿಟ್ಟು ಹೋಗೋತಂಕ ಮಗು ಅಲ್ಲಾಡಲ್ಲ” ಎಂದು ಅದೇ ಮಾತು. ಓಬಳೇಶ ಅವತ್ತು ಸಂಜೆಯೇ ಅವಳು ಹೇಳಿದಂತೆ ಕಲ್ಯಾಣದುರ್ಗಕ್ಕೆ ಕಾರ್ಡು ಬರೆದು ಹಾಕಿದ: ತಪ್ಪಾಯ್ತವ್ವಾ, ಬಂದು ಹೋಗು. ಬುಧವಾರವೂ ಆಸ್ಪತ್ರೆಗೆ ಹೋಗಿ ಬಂದೆವು. ಬಡಿತ ಹಾಗೇ ಇತ್ತು. ಆಗೊಮ್ಮೆ ಈಗೊಮ್ಮೆ ಸಣ್ಣಗೆ ಮಿಸುಕಿದಂತೆ ಆಗುತ್ತಿತ್ತು, ಅಷ್ಟೇ.

ಗುರುವಾರ ಪೋಸ್ಟ್‌ಮ್ಯಾನ್ ಕೇಶವಯ್ಯ ಬಂದ. ದಿನಾ ಜಗಲಿಗೆ ಬಂದು ಕೂತು ಎಲೆಅಡಿಕೆ ಕೇಳುವವನು ಅವತ್ತು ಬೀದಿಯಲ್ಲೇ ನಿಂತ. ಕೈಯಲ್ಲಿದ್ದ ಕಾರ್ಡಿನ ಮೂಲೆಗೆ ಮಸಿ ಬಳಿದಿತ್ತು. ಮೂಲೆ ಕಪ್ಪಾದ ಕಾರ್ಡು ಅಂದರೆ ಸಾವಿನ ಸುದ್ದಿ, ಅದನ್ನು ಮನೆಯೊಳಕ್ಕೆ ತರುವುದಿಲ್ಲ. ನನಗೆ ಓದು ಬಾರದು. ಅವನೇ ತೆಲುಗಿನಲ್ಲಿದ್ದ ಮೊದಲ ಸಾಲು ಮೆಲ್ಲಗೆ ಓದಿದ. ನರಸಕ್ಕ ಸೋಮವಾರ ಜ್ವರದಲ್ಲಿ ತೀರಿಕೊಂಡಳು ಅಂತ.

“ಸಾಕು” ಎಂದೆ. ಕಾರ್ಡು ಕಿತ್ತುಕೊಂಡು ಹರಿದು ಮೋರಿಗೆ ಹಾಕಿದೆ.

“ಅತ್ತೆ, ನಮ್ಮೂರಿನ ಕಾರ್ಡಾ?” ಎಂದು ಒಳಗಿನಿಂದ ಧ್ವನಿ ಬಂತು. ಗೋಡೆಗೆ ಮುಖ ಮಾಡಿ ಮಲಗಿದ್ದವಳು ಎದ್ದು ಕೂತಿದ್ದಳು.

ಬಾಗಿಲಿಂದ ಅವಳ ಚಾಪೆಗೆ ಆರು ಹೆಜ್ಜೆ. ಅಷ್ಟರಲ್ಲಿ ಸುಳ್ಳು ತಯಾರಾಯಿತು. “ಹೂಂ ಕಣಮ್ಮ. ನಿಮ್ಮವ್ವ ಬರೆಸವ್ಳೆ. ಚೌಡಿ ಮೇಲೆ ನಂಗೆ ಸಿಟ್ಟಿಲ್ಲ, ಮಗು ಚೆನ್ನಾಗಿರ್ತೈತೆ, ಹೊಟ್ಟೆ ತುಂಬ ತಿಂದು ಮಲಗು ಅಂತ. ಮಂಡಿ ನೋವಂತೆ, ಹೆರಿಗೆ ಆದ್ಮೇಲೆ ಬತ್ತಾಳಂತೆ.”

“ನಂಗೆ ತೋರ್ಸಿ.”

“ಕೇಶವಯ್ಯನ ಕೈಯಿಂದ ಮೋರಿಗೆ ಬಿತ್ತು. ಓದಿ ಹೇಳವ್ನಲ್ಲ, ಇನ್ನೇನು?”

ನಂಬಿದಳು. ನಂಬುವ ಆಸೆ ಇದ್ದವಳಿಗೆ ಅಷ್ಟು ಸಾಕಾಗಿತ್ತು. ಅವಳು ಅತ್ತಳು, ನಕ್ಕಳು, ಎರಡು ಮುದ್ದೆ ಉಂಡಳು. ಸಾವು ತಿಳಿದ ಮೇಲೆ ಮಗಳು ತಲೆಗೆ ನೀರು ಹಾಕಿಕೊಳ್ಳಬೇಕಲ್ಲ? ಅದಕ್ಕೂ ನಾನು ದಾರಿ ಹುಡುಕಿದೆ. ಮೈ ಹಗುರಾಗುತ್ತೆ ಬಾ ಎಂದು ಬಚ್ಚಲಿಗೆ ಕರೆದು ನಾಲ್ಕು ಚೊಂಬು ಸುರಿದೆ. “ಎಣ್ಣೆ ಹಚ್ದೇ ಇದೆಂಥ ನೀರು ಅತ್ತೆ?” ಎಂದು ಅವಳು ನಗುತ್ತಿದ್ದಳು. ತಾಯಿಯ ಸಾವಿನ ನೀರನ್ನು ನಗುತ್ತಾ ಹಾಕಿಸಿಕೊಂಡಳು. ಶಾಸ್ತ್ರ ತಪ್ಪಲಿಲ್ಲ ಎಂದು ನಾನು ನೆಮ್ಮದಿಪಟ್ಟೆ. ಈಗ ನೆನೆದರೆ ಆ ಕೈಯನ್ನು ಕತ್ತರಿಸಿ ಹಾಕಬೇಕು ಅನ್ನಿಸುತ್ತದೆ.

ಅವತ್ತು ಸಂಜೆ ಮಗು ಒದೆಯಿತು. ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. “ನೋಡಿ ಅತ್ತೆ, ನಮ್ಮವ್ವನ ಮಾತು!” ಎಂದಳು. ಹೊಟ್ಟೆಗೆ ಬಿದ್ದ ಅನ್ನದಿಂದ ಅಲ್ಲಾಡಿತೋ, ಅದರ ಪಾಡಿಗೆ ಅದು ಎದ್ದಿತೋ, ಡಾಕ್ಟರಮ್ಮನಿಗೇ ಗೊತ್ತು. ನಾನು ಮಾತ್ರ ನನ್ನ ಸುಳ್ಳೇ ಅದನ್ನು ಎಬ್ಬಿಸಿತು ಎಂದು ಬೀಗಿದೆ. ಓಬಳೇಶನಿಗೆ ಮಾತ್ರ ನಿಜ ಹೇಳಿದ್ದೆ, ಅವನು ನೂಲು ತರುವ ನೆಪ ಹೇಳಿ ಕಲ್ಯಾಣದುರ್ಗಕ್ಕೆ ಹೋಗಿ ಬಂದ. ಹೆರಿಗೆ ಆಗುವವರೆಗೂ ಬರಬೇಡಿ ಎಂದು ಮಾವನಿಗೆ ಹೇಳಿ ಬಂದ.

ಹತ್ತು ದಿನ ಕಳೆದು ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಹನ್ನೊಂದನೇ ದಿನದ ಸ್ನಾನ ಆದ ಮಾರನೆಯ ದಿನ ಅವಳ ತಂದೆ ಪಾಪಯ್ಯ ಬಂದ. ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿದ. ಬೋಳಿಸಿದ ತಲೆಯ ಮೇಲೆ ಕೂದಲು ಈಗಷ್ಟೇ ಮೊಳೆಯುತ್ತಿತ್ತು.

ಚೌಡೇಶ್ವರಿ ಕಿರುಚಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. “ಯಾವತ್ತು?” ಎಂದು ಕೇಳಿದಳು. ಪಾಪಯ್ಯ ಹೇಳಿದ. ಅವಳು ನನ್ನ ಕಡೆ ನೋಡಿದಳು.

“ಹಂಗಾರೆ ಆ ಕಾರ್ಡು?”

“ನಿಂಗೆ ಭಯ ಆಗಬಾರ್ದು ಅಂತ...” ಎಂದೆ.

“ಸಿಟ್ಟಿಲ್ಲ ಅಂದಿದ್ದು?”

“ನಾನು ಹೇಳಿದ್ದು ಕಣಮ್ಮ.”

“ಬಚ್ಚಲಲ್ಲಿ ನೀರು ಹಾಕಿದ್ರಿ. ನಾನು ನಗ್ತಾ ಇದ್ದೆ.” ಮಗುವನ್ನು ಅಪ್ಪಿಕೊಂಡು ಗೋಡೆಗೆ ಒರಗಿದಳು. “ಅಂದ್ರೆ ನಮ್ಮವ್ವ ಸಿಟ್ಟು ಇಟ್ಕಂಡೇ ಹೋದ್ಲು.”

“ಇಲ್ಲ ಕಣಮ್ಮ, ಇಲ್ಲ” ಎಂದು ಪಾಪಯ್ಯ ಮುಂದಕ್ಕೆ ಸರಿದ. ಅವನ ಕಣ್ಣಲ್ಲಿ ಧಾರಾಕಾರ ನೀರು. “ಕಣ್ಣು ಮುಚ್ಚಾಕೆ ಮುಂಚೆ ಒಂದೇ ಮಾತಾಡಿದ್ದು. ಚೌಡಿ ಮೇಲೆ ನಂಗೆ ಸಿಟ್ಟಿಲ್ಲ, ಮಗು ಚೆನ್ನಾಗಿರ್ತೈತೆ, ಹೋಗಿ ಹೇಳ್ಬುಡು ಅಂದ್ಲು. ಕಾರ್ಡಿನ ಕೊನೇಲೂ ಬರೆಸಿದ್ದೆ ಕಣಮ್ಮ ಅದನ್ನ.”

ಕೇಶವಯ್ಯ ಕೊನೆಯವರೆಗೆ ಓದಲು ನಾನು ಬಿಟ್ಟಿರಲಿಲ್ಲ.

ಚೌಡೇಶ್ವರಿ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. “ಇದನ್ನೂ ನೀವೇ ಹೇಳ್ಕೊಟ್ರಾ ಅತ್ತೆ?”

“ದೇವರಾಣೆಗೂ ಇಲ್ಲ” ಎಂದೆ. ಮಗುವಿನ ತಲೆ ಮುಟ್ಟಿ ಆಣೆ ಮಾಡಲು ಕೈ ಚಾಚಿದೆ. ಸುಳ್ಳಾಣೆ ಮಗುವಿಗೆ ತಟ್ಟೀತೆಂದು ಅವಳು ಬೆಚ್ಚಿ, ಮಗುವನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

ಮಾರನೆಯ ವರ್ಷ ಪಾಪಯ್ಯನೂ ಹೋದ. ಆ ಮಾತು ನಿಜವೆಂದು ಅವಳಿಗೆ ಹೇಳಲು ಈಗ ಉಳಿದಿರುವವಳು ನಾನೊಬ್ಬಳೇ.